ಟ್ರ್ಯಾಕ್ಟರ್ ಟೆಂಪೋ ಆದ ಬೆಳಗ್ಗೆ: ಡೆಲ್ಫಿ ಜೆನೆರಿಕ್ಸ್‌ಗೆ ಟೈಪ್‌ಇನ್ಫೋ ಜೋಡಿಸಿದ್ದು

"ಸಾರ್, ಟ್ರ್ಯಾಕ್ಟರ್ ಬಂದು ನಿಂತಿದೆ. ಸ್ಕ್ರೀನ್ ಮೇಲೆ ಟೆಂಪೋ ಅಂತ ತೋರಿಸ್ತಿದೆ. ಚೀಟಿ ಕೊಡ್ಲಾ, ಬೇಡ್ವಾ?"

ವೇಬ್ರಿಜ್ (ಗಾಡಿ ತೂಗುವ ಕಟ್ಟೆ) ಆಪರೇಟರ್ ಫೋನ್ ಮಾಡಿದಾಗ ಬೆಳಗ್ಗೆ ಏಳೂವರೆ. ಹಿಂದಿನ ರಾತ್ರಿ ಹೊಸ ವರ್ಷನ್ ಹಾಕಿ ಬಂದವನು ನಾನೇ. ಅದರಲ್ಲಿ ಇದ್ದ ಬದಲಾವಣೆ ಒಂದೇ ಒಂದು: ಗಾಡಿಗಳ ಪಟ್ಟಿಗೆ ಟೆಂಪೋ ಸೇರಿಸಿದ್ದೆ. ಇಷ್ಟಕ್ಕೆ ಏನಾಗುತ್ತೆ ಅಂತ ಟೆಸ್ಟ್ ಕೂಡ ಸರಿಯಾಗಿ ಮಾಡಿರಲಿಲ್ಲ.

ವೇಬ್ರಿಜ್ ಪ್ರೋಗ್ರಾಂ ಬರೆದಿರೋದು ಡೆಲ್ಫಿಯಲ್ಲಿ, ಅಂದರೆ ಪಾಸ್ಕಲ್ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವ ಸಾಧನದಲ್ಲಿ. ಹುಟ್ಟಿದ್ದು ಡೆಲ್ಫಿ 7ರಲ್ಲಿ, ಈಗ ಡೆಲ್ಫಿ 11ರಲ್ಲಿ ಕಂಪೈಲ್ ಆಗುತ್ತದೆ. ಅದರೊಳಗೆ ಗಾಡಿ ಬಗೆಗೆ ಒಂದು ಎನಮ್ ಇದೆ, ಅಂದರೆ ಹೆಸರುಗಳ ಪಟ್ಟಿ, ಒಳಗೆ ಪ್ರತಿ ಹೆಸರಿಗೂ ಒಂದು ಅಂಕಿ. ಮೊದಲು ಲಾರಿ, ಟ್ರ್ಯಾಕ್ಟರ್, ಎತ್ತಿನಗಾಡಿ ಇದ್ದವು, ಅಂದರೆ 0, 1, 2. ನಾನು ಟೆಂಪೋವನ್ನು ಲಾರಿಯ ಪಕ್ಕದಲ್ಲಿ ಸೇರಿಸಿದೆ. ನೋಡೋಕೆ ಚೆನ್ನಾಗಿರುತ್ತೆ ಅಂತ, ಅಷ್ಟೇ ಕಾರಣ. ಹಾಗಾಗಿ ಟೆಂಪೋ 1 ಆಯಿತು, ಟ್ರ್ಯಾಕ್ಟರ್ 2ಕ್ಕೆ ಸರಿಯಿತು. ಪ್ರತಿ ಗಾಡಿಯ ಖಾಲಿ ತೂಕ ಬರೆದಿಡುವ ಟೇರ್ ಫೈಲ್ ಮಾತ್ರ ಹಳೇ ಲೆಕ್ಕದಲ್ಲೇ ಇತ್ತು. ಅದರಲ್ಲಿ ಗಾಡಿ ಬಗೆ ಅಂತ ಇದ್ದದ್ದು ಬರೀ ಅಂಕಿ. ತೂಕದ ಶುಲ್ಕ ಗಾಡಿ ಬಗೆ ನೋಡಿ ಬೀಳುತ್ತದೆ, ಹಾಗಾಗಿ ಇದು ಬರೀ ಹೆಸರಿನ ತಪ್ಪಾಗಿ ಉಳಿಯಲಿಲ್ಲ, ದುಡ್ಡಿನ ತಪ್ಪೂ ಆಯಿತು.

ಆ ಹೊತ್ತಿಗೆ ಹಳೇ ಎಕ್ಸ್‌ಇ (ಓಡುವ ಪ್ರೋಗ್ರಾಂ ಫೈಲ್) ವಾಪಸ್ ಹಾಕಿಸಿ ಕೆಲಸ ನಡೆಸಿದೆ. ಶನಿವಾರ ಕೂತು ಸರಿಮಾಡಿದ್ದರ ಲಾಗ್ ಇದು. ಕೋಡ್ ಸಾಲುಗಳನ್ನು ಓದಿ ಹೇಳಿದ ಹಾಗೆ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ.

ಹೆಸರು ಎಕ್ಸ್‌ಇ ಒಳಗೇ ಇದೆ

ಫೈಲಿಗೆ ಅಂಕಿಯ ಬದಲು ಹೆಸರು ಬರೆಯೋಣ ಅಂತ ನಿರ್ಧಾರ ಮಾಡಿದೆ. ಪ್ರೋಗ್ರಾಂನಲ್ಲಿ ಒಟ್ಟು 11 ಎನಮ್‌ಗಳಿದ್ದವು. ಕೆಲವಕ್ಕೆ ಈಗಾಗಲೇ ಕೇಸ್ ಹಾಕಿ ಹೆಸರು ಕೊಡುವ ಫಂಕ್ಷನ್ ಇತ್ತು. ಎಲ್ಲವೂ ಒಂದನ್ನು ಕಾಪಿ ಮಾಡಿ ಇನ್ನೊಂದು. ಒಂದರಲ್ಲಿ ಎರಡು ಹೆಸರು ಅದಲುಬದಲಾಗಿತ್ತು, ಇಷ್ಟು ವರ್ಷ ಯಾರಿಗೂ ಗೊತ್ತೇ ಆಗಿಲ್ಲ.

ಡೆಲ್ಫಿಯಲ್ಲಿ ಇದನ್ನೆಲ್ಲ ಕೈಯಲ್ಲಿ ಬರೆಯೋ ಅಗತ್ಯವಿಲ್ಲ. 1995ರ ಮೊದಲ ವರ್ಷನ್‌ನಿಂದಲೂ ಕಂಪೈಲರ್ ಟೈಪ್‌ಗಳ ಮಾಹಿತಿಯನ್ನು ಎಕ್ಸ್‌ಇ ಒಳಗೆ ಇಡುತ್ತಾ ಬಂದಿದೆ. ಇದಿಲ್ಲದಿದ್ದರೆ ಫಾರ್ಮ್‌ಗಳೇ, ಅಂದರೆ ಪ್ರೋಗ್ರಾಂನ ಕಿಟಕಿಗಳೇ, ತೆರೆಯೋದಿಲ್ಲ. ಫಾರ್ಮ್‌ನ ವಿವರ ಇರುವ ಡಿಎಫ್‌ಎಂ ಫೈಲ್ ತೆರೆದು ನೋಡಿ, "ಅಲೈನ್ = ಎಎಲ್‌ಕ್ಲೈಂಟ್" ಅಂತ ಅಕ್ಷರದಲ್ಲೇ ಇರುತ್ತದೆ. ಪ್ರೋಗ್ರಾಂ ಓಡುವಾಗ ಆ ಹೆಸರು ಎಷ್ಟನೇ ಬೆಲೆ ಅಂತ ಹುಡುಕಿ ಹಾಕುತ್ತಾರೆ. ಇದೇ ಆರ್‌ಟಿಟಿಐ, ರನ್‌ಟೈಮ್ ಟೈಪ್ ಇನ್ಫರ್ಮೇಷನ್. ಅದನ್ನು ನಾವೂ ಕೇಳಬಹುದು. ಟೈಪ್‌ಇನ್ಫೋ ಯುನಿಟ್‌ನಲ್ಲಿ ಗೆಟ್‌ಎನಮ್‌ನೇಮ್, ಗೆಟ್‌ಎನಮ್‌ವ್ಯಾಲ್ಯೂ ಅಂತ ಎರಡು ಫಂಕ್ಷನ್ ಹಳೇ ಕಾಲದಿಂದ ಇವೆ. ಮೊದಲನೆಯದು ಅಂಕಿಗೆ ಹೆಸರು ಕೊಡುತ್ತದೆ, ಎರಡನೆಯದು ಹೆಸರಿಗೆ ಅಂಕಿ.

ಹೆಸರುಗಳು ಒಳಗೆ ಕೂತಿರುವ ರೀತಿ ಒಮ್ಮೆ ನೋಡಿಬಿಡಿ, ಮುಂದೆ ಬೇಕಾಗುತ್ತದೆ. ಡೀಬಗರ್‌ನ ಮೆಮೊರಿ ಕಿಟಕಿಯಲ್ಲಿ ಗಾಡಿ ಎನಮ್‌ನ ನೇಮ್‌ಲಿಸ್ಟ್ ತೆರೆದೆ. ಮೊದಲು 7 ಅನ್ನೋ ಒಂದು ಬೈಟ್, ಆಮೇಲೆ "ವಿಟಿಲಾರಿ"ಯ ಏಳು ಇಂಗ್ಲಿಷ್ ಅಕ್ಷರ. ತಕ್ಷಣ ಇನ್ನೊಂದು 7, "ವಿಟಿಟೆಂಪೋ". ಆಮೇಲೆ 9, "ವಿಟಿಟ್ರ್ಯಾಕ್ಟರ್". ಮಧ್ಯೆ ಜಾಗ ಇಲ್ಲ, ಸೂಚಿ ಇಲ್ಲ, ರೈಲು ಡಬ್ಬಿ ಥರ ಒಂದಕ್ಕೊಂದು ಅಂಟಿಕೊಂಡಿವೆ. ಬೆಲೆ 2ರ ಹೆಸರು ಬೇಕಾದರೆ ಗೆಟ್‌ಎನಮ್‌ನೇಮ್ ಎರಡು ಡಬ್ಬಿ ದಾಟಿ ಮೂರನೆಯದನ್ನು ಓದುತ್ತದೆ. ಡೆಲ್ಫಿಯಲ್ಲಿ ರೈಲು ಎಲ್ಲಿ ಮುಗಿಯಿತು ಅಂತ ಅದು ನೋಡೋದಿಲ್ಲ.

ಒಂದು ಜೆನೆರಿಕ್, 11 ಎನಮ್

ಪ್ರತಿ ಸಲ ಟೈಪ್‌ಇನ್ಫೋ (ಟೈಪ್‌ನ ಮಾಹಿತಿ ಎಲ್ಲಿದೆ ಅಂತ ಹೇಳೋದು), ಆರ್ಡ್ (ಬೆಲೆಯ ಅಂಕಿ ಕೊಡೋದು) ಅಂತ ಬರೆಯೋದು ತಪ್ಪಲಿ ಅಂತ ಒಂದು ಜೆನೆರಿಕ್ ರೆಕಾರ್ಡ್ ಮಾಡಿದೆ. ಜೆನೆರಿಕ್ ಅಂದರೆ ಟಿ ಅನ್ನೋ ಜಾಗದಲ್ಲಿ ಬೇರೆ ಬೇರೆ ಟೈಪ್ ಕೂರಿಸಬಹುದಾದ ಕೋಡ್. ಜೆನೆರಿಕ್ಸ್ ಡೆಲ್ಫಿಗೆ ಬಂದದ್ದು 2009ರ ವರ್ಷನ್‌ನಲ್ಲಿ, ನನಗೆ ರೂಢಿಯಾದದ್ದು ಬಹಳ ತಡವಾಗಿ.

ಟಿಎನಮ್<ಟಿ: ರೆಕಾರ್ಡ್> = ರೆಕಾರ್ಡ್
ಕ್ಲಾಸ್ ಫಂಕ್ಷನ್ ಹೆಸರು(ಕಾನ್ಸ್ಟ್ ವಿ: ಟಿ): ಸ್ಟ್ರಿಂಗ್; ಸ್ಟ್ಯಾಟಿಕ್;
ಕ್ಲಾಸ್ ಫಂಕ್ಷನ್ ಬೆಲೆ(ಕಾನ್ಸ್ಟ್ ಎಸ್: ಸ್ಟ್ರಿಂಗ್): ಟಿ; ಸ್ಟ್ಯಾಟಿಕ್;

"ಟಿ ಎನಮ್ ಆಗಿರಬೇಕು" ಅಂತ ಹೇಳೋ ದಾರಿ ಡೆಲ್ಫಿಯಲ್ಲಿ ಇಲ್ಲ. ಹತ್ತಿರದ್ದು ಅಂದರೆ ರೆಕಾರ್ಡ್ ಅನ್ನೋ ನಿರ್ಬಂಧ. ಹೆಸರು ನೋಡಿ ಮೋಸ ಹೋಗಬೇಡಿ, ಇಂಟಿಜರ್, ಡಬಲ್ ಕೂಡ ಅದರಲ್ಲಿ ನುಗ್ಗುತ್ತವೆ. ಅಂದರೆ ಎನಮ್ ಹೌದಾ ಅಲ್ವಾ ಅನ್ನೋ ಪರೀಕ್ಷೆ ಪ್ರೋಗ್ರಾಂ ಓಡುವಾಗಲೇ ಆಗಬೇಕು.

ಮೊದಲ ಪ್ರಯತ್ನ ಎಲ್ಲರೂ ಮಾಡುವಂಥದ್ದು:

ರಿಸಲ್ಟ್ := ಗೆಟ್‌ಎನಮ್‌ನೇಮ್(ಟೈಪ್‌ಇನ್ಫೋ(ಟಿ), ಆರ್ಡ್(ವಿ));

ಇ2001 ಎರರ್ ಬಂತು, ಆರ್ಡಿನಲ್ ಟೈಪ್ ಬೇಕು ಅಂತ. ಇಂಟಿಜರ್(ವಿ) ಅಂತ ಕ್ಯಾಸ್ಟ್ ಮಾಡಿದೆ, ಅಂದರೆ ಅಂಕಿ ಅಂತಲೇ ನೋಡು ಅಂದೆ. ಇ2089 ಬಂತು, ಈ ಕ್ಯಾಸ್ಟ್ ಸರಿಯಲ್ಲ ಅಂತ. ಕಂಪೈಲರ್ ಮೇಲೆ ಸಿಟ್ಟು ಬಂದರೂ ಅದು ಹೇಳೋದು ಸರಿ. ಡೆಲ್ಫಿ ಜೆನೆರಿಕ್ ಬಾಡಿಯನ್ನು ಟಿ ಏನು ಅಂತ ಗೊತ್ತಾಗೋ ಮೊದಲೇ ಪರೀಕ್ಷೆ ಮಾಡುತ್ತದೆ. ಬರಬಹುದಾದ ಪ್ರತಿ ಟಿಗೂ ಆ ಸಾಲು ಒಪ್ಪಬೇಕು. ಡಬಲ್‌ಗೆ ಆರ್ಡ್ ಎಲ್ಲಿಂದ ಬರಬೇಕು?

ಹಾಗಾದರೆ ಪಾಯಿಂಟರ್, ಅಂದರೆ ಮೆಮೊರಿಯಲ್ಲಿ ಬೆಲೆ ಇರುವ ವಿಳಾಸದಿಂದ ನೇರ ಓದೋದು. ಪಿಇಂಟಿಜರ್(@ವಿ)^ ಅಂತ ಬರೆದೆ. ಕಂಪೈಲ್ ಆಯಿತು. ಲಾರಿ ಅಂದರೆ ಲಾರಿ, ಟೆಂಪೋ ಅಂದರೆ ಟೆಂಪೋ. ಚಹಾ ಕುಡಿದು ಬಂದೆ.

ವಾಪಸ್ ಬಂದು ಅಸಲಿ ಪ್ರೋಗ್ರಾಂಗೆ ಸೇರಿಸಿದರೆ ಒಮ್ಮೆ ಸರಿ, ಒಮ್ಮೆ ಕಸದ ಅಕ್ಷರ, ಇನ್ನೊಮ್ಮೆ ಆಕ್ಸೆಸ್ ವಯೊಲೇಷನ್. ಬ್ರೇಕ್‌ಪಾಯಿಂಟ್ ಹಾಕಿ ನೋಡಿದೆ. ಟ್ರ್ಯಾಕ್ಟರ್ ಅಂದರೆ 2 ಬರಬೇಕು, ಬಂದದ್ದು 4222978. ಇದೇನಪ್ಪಾ ಅಂತ ನಾಲ್ಕು ಬೈಟ್ ಬಿಡಿಸಿದರೆ 2, 112, 64, 0. ಮೊದಲನೆಯದು ಟ್ರ್ಯಾಕ್ಟರ್‌ನದೇ. ಉಳಿದ ಮೂರು ಅಕ್ಕಪಕ್ಕದ ಮನೆಯವು. 256 ಬೆಲೆ ತನಕ ಡೆಲ್ಫಿಯಲ್ಲಿ ಎನಮ್ ಒಂದೇ ಬೈಟ್ ಹಿಡಿಯುತ್ತದೆ, ನಾನು ನಾಲ್ಕು ಓದುತ್ತಿದ್ದೆ. ಪಕ್ಕದ ಮೂರು ಬೈಟ್ ಸೊನ್ನೆ ಇದ್ದಾಗ ಉತ್ತರ ಸರಿ ಬಂತು, ಟೆಸ್ಟ್ ಪಾಸಾದದ್ದು ಅದಕ್ಕೇ. ಸೊನ್ನೆ ಇಲ್ಲದಾಗ ಗೆಟ್‌ಎನಮ್‌ನೇಮ್ ಎರಡು ಡಬ್ಬಿಯ ಬದಲು 42 ಲಕ್ಷ ಡಬ್ಬಿ ದಾಟೋಕೆ ಹೊರಟಿತು. ನಾಲ್ಕು ಡಬ್ಬಿಯ ರೈಲಿನಲ್ಲಿ.

ಸರಿಯಾದ ರೂಪ ಇದು:

ಕೇಸ್ ಸೈಜ್‌ಆಫ್(ಟಿ) ಆಫ್
1: ಎನ್ := ಪಿಬೈಟ್(@ವಿ)^;
2: ಎನ್ := ಪಿವರ್ಡ್(@ವಿ)^;
4: ಎನ್ := ಪಿಇಂಟಿಜರ್(@ವಿ)^;

ನಮ್ಮಲ್ಲಿ ದೊಡ್ಡ ಎನಮ್ ಯಾವುದೂ ಇಲ್ಲ, ಆದರೆ ಡಿಎಲ್‌ಎಲ್ ಜೊತೆ ಮಾತಾಡುವ ಒಂದು ಯುನಿಟ್‌ನಲ್ಲಿ ಎನಮ್ ಕನಿಷ್ಠ 4 ಬೈಟ್ ಇರಲಿ ಅಂತ ಮಿನ್‌ಎನಮ್‌ಸೈಜ್ 4 ಹಾಕಿದ್ದಾರೆ. ಆದ್ದರಿಂದ ಮೂರೂ ಸಾಲು ಬೇಕು.

ಈ ಕೇಸ್ ಅನ್ನು ಎರಡು ಕಡೆ ಬರೆಯೋದು ಬೇಡ ಅಂತ ಇಂಪ್ಲಿಮೆಂಟೇಷನ್ ಭಾಗದಲ್ಲಿ ಒಂದು ಪುಟ್ಟ ಸಹಾಯಕ ಫಂಕ್ಷನ್ ಇಟ್ಟೆ. ಇ2506. ಇಂಟರ್‌ಫೇಸ್ ಭಾಗದಲ್ಲಿ ಘೋಷಿಸಿದ ಜೆನೆರಿಕ್‌ನ ಮೆಥಡ್, ಯುನಿಟ್‌ನ ಒಳಮನೆಯಲ್ಲಿರುವ ಹೆಸರನ್ನು ಬಳಸುವ ಹಾಗಿಲ್ಲ. ಜೆನೆರಿಕ್ ಬಿಚ್ಚಿಕೊಳ್ಳೋದು ಅದನ್ನು ಬಳಸುವ ಯುನಿಟ್‌ನಲ್ಲಿ, ಅಲ್ಲಿಂದ ನಮ್ಮ ಒಳಮನೆ ಕಾಣೋದಿಲ್ಲ. ಫಂಕ್ಷನ್ನನ್ನು ಇಂಟರ್‌ಫೇಸ್‌ಗೆ ಎತ್ತಿ ಹಾಕಿದೆ, ಮುಗೀತು.

ಓದುವ ದಿಕ್ಕಿನಲ್ಲಿ ಒಂದೇ ಎಚ್ಚರ. ಹೆಸರು ಸಿಗದಿದ್ದರೆ ಗೆಟ್‌ಎನಮ್‌ವ್ಯಾಲ್ಯೂ -1 ಕೊಡುತ್ತದೆ. ಅದನ್ನು ನೋಡದೆ ಹಾಗೇ ಒಂದು ಬೈಟ್‌ಗೆ ತುರುಕಿದರೆ 255 ಆಗಿ ಕೂರುತ್ತದೆ, ಯಾವ ಎರರೂ ಇಲ್ಲದೆ. ನಾನು ಎಕ್ಸೆಪ್ಷನ್ ಎಸೆಯುತ್ತೇನೆ, ಸಂದೇಶದಲ್ಲಿ ಎನಮ್ ಹೆಸರು ಮತ್ತು ಫೈಲಲ್ಲಿ ಸಿಕ್ಕ ಪದ ಎರಡನ್ನೂ ಹಾಕುತ್ತೇನೆ. ದೊಡ್ಡಕ್ಷರ, ಸಣ್ಣಕ್ಷರ ಅದು ನೋಡೋದಿಲ್ಲ, ಅದೊಂದು ಅನುಕೂಲ.

ವಿಳಾಸ ಸೊನ್ನೆ

ಹತ್ತು ಎನಮ್ ಸರಾಗವಾಗಿ ದಾಟಿದವು. ಹನ್ನೊಂದನೆಯದು ತೂಕದ ಇಂಡಿಕೇಟರ್‌ನ ಸ್ಥಿತಿ: ಸ್ಥಿರ, ಅಲುಗಾಡುತ್ತಿದೆ, ಓವರ್‌ಲೋಡ್, ಸೊನ್ನೆಗಿಂತ ಕೆಳಗೆ. ಅದನ್ನು ಲಾಗ್‌ಗೆ ಬರೆಯೋ ಜಾಗದಲ್ಲಿ ಪ್ರೋಗ್ರಾಂ ಬಿತ್ತು. ಆಕ್ಸೆಸ್ ವಯೊಲೇಷನ್, ಓದಲು ಹೋದ ವಿಳಾಸ 00000000.

ಬಿದ್ದ ಸಾಲು ನಾನೇ ಭದ್ರತೆಗೆ ಅಂತ ಹಾಕಿದ ಸಾಲು!

ಇಫ್ ಪಿಟೈಪ್‌ಇನ್ಫೋ(ಟೈಪ್‌ಇನ್ಫೋ(ಟಿ))^.ಕೈಂಡ್ <> ಟಿಕೆಎನ್ಯುಮರೇಷನ್ ದೆನ್

ಕೈಂಡ್ ಅನ್ನೋದು ಆ ರೆಕಾರ್ಡಿನ ಮೊದಲ ಬೈಟ್. ವಿಳಾಸ ಸರಿಯಾಗಿ ಸೊನ್ನೆ ಅಂದರೆ ಪಾಯಿಂಟರೇ ನಿಲ್, ಅಂದರೆ ಖಾಲಿ. ಟೈಪ್‌ಇನ್ಫೋ ನಿಲ್ ಕೊಡೋದು ಅಂದರೇನು? ಅರ್ಧ ಗಂಟೆ ತಲೆ ಕೆಡಿಸಿಕೊಂಡೆ. ಆಮೇಲೆ ಆ ಎನಮ್ ತೆರೆದು ನೋಡಿದೆ. ಇಂಡಿಕೇಟರ್ ಕಳಿಸುವ ಸ್ಟೇಟಸ್ ಬೈಟ್‌ಗೆ ಹೊಂದಲಿ ಅಂತ ಅದರಲ್ಲಿ ಬೆಲೆಗಳನ್ನು ಕೈಯಾರೆ ಕೊಟ್ಟಿತ್ತು: = 1, = 2, = 4, = 8.

ಹೀಗೆ ಬೆಲೆ ಕೊಟ್ಟ ಎನಮ್‌ಗೆ ಡೆಲ್ಫಿ ಆರ್‌ಟಿಟಿಐ ಮಾಡೋದೇ ಇಲ್ಲ. ಡಬ್ಬಿ ಎಣಿಸುವ ಲೆಕ್ಕ ನೆನಪಿದೆ ಅಲ್ವಾ? 8ನೇ ಬೆಲೆಗೆ 8 ಡಬ್ಬಿ ದಾಟಬೇಕು, ಇರೋದೇ 4. ಆದ್ದರಿಂದ ಕಂಪೈಲರ್ ಕೈ ಎತ್ತಿಬಿಡುತ್ತದೆ. ಇದು ನನಗೆ ಗೊತ್ತಿದ್ದ ವಿಷಯವೇ. ಗೊತ್ತಿಲ್ಲದಿದ್ದದ್ದು ಇದರ ಮುಂದಿನದು.

ಖಾತ್ರಿಗೆ ಖಾಲಿ ಪ್ರಾಜೆಕ್ಟ್‌ನಲ್ಲಿ ಜೆನೆರಿಕ್ ಇಲ್ಲದೆ ನೇರವಾಗಿ ಟೈಪ್‌ಇನ್ಫೋ(ಟಿಸ್ಥಿತಿ) ಅಂತ ಬರೆದೆ. ಇ2134, ಈ ಟೈಪ್‌ಗೆ ಟೈಪ್ ಇನ್ಫೋ ಇಲ್ಲ, ಕಂಪೈಲ್ ಆಗಲ್ಲ ಅಂತ ಮುಖಕ್ಕೆ ಹೊಡೆದ ಹಾಗೆ ಹೇಳಿತು. ಅದನ್ನೇ ಜೆನೆರಿಕ್ ಒಳಗೆ ಟೈಪ್‌ಇನ್ಫೋ(ಟಿ) ಅಂತ ಬರೆದು ಟಿ ಜಾಗಕ್ಕೆ ಟಿಸ್ಥಿತಿ ಕೊಟ್ಟೆ. ಎರರ್ ಇಲ್ಲ, ವಾರ್ನಿಂಗ್ ಇಲ್ಲ, ಹಿಂಟ್ ಕೂಡ ಇಲ್ಲ. ಸುಮ್ನೆ ನಿಲ್. ಟಿ ಯಾವುದು ಅಂತ ಗೊತ್ತಾಗೋದು ಕಂಪೈಲ್ ಆಗುವಾಗಲೇ. ಆದರೂ ಮಾಹಿತಿ ಇದೆಯೋ ಇಲ್ಲವೋ ಅನ್ನೋ ಸುದ್ದಿ ನಮಗೆ ತಲುಪೋದು ಪ್ರೋಗ್ರಾಂ ಓಡುವಾಗ, ಅದೂ ನಾವು ಕೇಳಿದರೆ ಮಾತ್ರ.

ಇದು ತಪ್ಪು ಅಂತ ಪೂರ್ತಿ ಹೇಳಲಾರೆ. ಡೆಲ್ಫಿಯದೇ ಜೆನೆರಿಕ್ಸ್ ಡಿಫಾಲ್ಟ್ಸ್ ಯುನಿಟ್‌ನ ಸೋರ್ಸ್ ನೋಡಿದರೆ ಹೋಲಿಕೆ ಮಾಡುವ ಕೋಡ್ ಹುಡುಕುವಾಗ ಮೊದಲು ಇನ್ಫೋ ನಿಲ್ ಹೌದಾ ಅಂತಲೇ ನೋಡುತ್ತಾರೆ. ನಿಲ್ ಆದರೆ ಬರೀ ಸೈಜ್ ನೋಡಿ ಹೋಲಿಸುತ್ತಾರೆ. ಹಾಗಿಲ್ಲದಿದ್ದರೆ ಬೆಲೆ ಕೊಟ್ಟ ಎನಮ್‌ಗಳನ್ನು ಟಿಲಿಸ್ಟ್ ಅನ್ನೋ ಜೆನೆರಿಕ್ ಪಟ್ಟಿಯಲ್ಲಿ ಇಡೋಕೇ ಆಗುತ್ತಿರಲಿಲ್ಲ. ಆದರೂ ಒಂದು ಹಿಂಟ್ ಕೊಟ್ಟಿದ್ದರೆ ನನ್ನ ಅರ್ಧ ಗಂಟೆ ಉಳಿಯುತ್ತಿತ್ತು.

ಈಗ ಮೊದಲ ಸಾಲು ನಿಲ್ ಪರೀಕ್ಷೆ, ಎರಡನೆಯದು ಕೈಂಡ್. ನಿಲ್ ಆದರೆ "ಈ ಎನಮ್‌ಗೆ ಬೆಲೆ ಕೈಯಾರೆ ಕೊಟ್ಟಿದ್ದೀರಾ ನೋಡಿ" ಅಂತ ಎಕ್ಸೆಪ್ಷನ್‌ನಲ್ಲೇ ಬರೆದಿದ್ದೇನೆ. ಆರು ತಿಂಗಳ ನಂತರದ ನನಗೆ.

ಇಂಡಿಕೇಟರ್ ಎನಮ್‌ನಿಂದ ಬೆಲೆಗಳನ್ನು ಕಿತ್ತುಹಾಕಿದೆ. 0, 1, 2, 3 ಅಂತ ತಾನಾಗೇ ಬರಲಿ. ಸ್ಟೇಟಸ್ ಬೈಟ್‌ಗೆ ಪಕ್ಕದಲ್ಲೇ ಒಂದು ಕಾನ್ಸ್ಟ್ ಅರೇ, ಅದರಲ್ಲಿ 1, 2, 4, 8. ಸೀರಿಯಲ್ ಪೋರ್ಟ್‌ನಿಂದ ಬೈಟ್ ಬಂದಾಗ ಆ ಅರೇಯಲ್ಲಿ ಹುಡುಕೋದು. ನಾಲ್ಕು ಸಾಲಿನ ಫಂಕ್ಷನ್. ಮೊದಲಿದ್ದದ್ದಕ್ಕಿಂತ ಇದೇ ವಾಸಿ, ಯಾಕಂದರೆ ಹಳೇ ಕೋಡ್ ಬಂದ ಬೈಟ್ ಅನ್ನು ನೇರ ಎನಮ್‌ಗೆ ಕ್ಯಾಸ್ಟ್ ಮಾಡುತ್ತಿತ್ತು. ಲೈನಲ್ಲಿ ಗಲಾಟೆಯಾಗಿ 6 ಬಂದರೆ 6 ಅನ್ನೋ ಸ್ಥಿತಿ ಇಲ್ಲವೇ ಇಲ್ಲ, ಆದರೂ ಒಳಗೆ ಬಿಟ್ಟುಕೊಳ್ಳುತ್ತಿತ್ತು.

ಟಿ ಹೇಳಿದ್ದೊಂದು, ವಸ್ತು ಇನ್ನೊಂದು

ಎನಮ್ ಮುಗಿಸಿದ ಉತ್ಸಾಹದಲ್ಲಿ ಸೆಟ್ಟಿಂಗ್‌ಗಳನ್ನೂ ಹೀಗೇ ಉಳಿಸೋಣ ಅಂತ ಕೈ ಹಾಕಿದೆ. ಒಂದು ಕ್ಲಾಸ್ ಕೊಟ್ಟರೆ ಅದರ ಪಬ್ಲಿಶ್ಡ್ ಪ್ರಾಪರ್ಟಿಗಳನ್ನೆಲ್ಲ (ಆರ್‌ಟಿಟಿಐಯಲ್ಲಿ ಹೆಸರು ಸಿಗುವ ಗುಣಗಳು) ಐಎನ್‌ಐ ಅನ್ನೋ ಸೆಟ್ಟಿಂಗ್ ಫೈಲಿಗೆ ಬರೆಯಬೇಕು.

ಪ್ರೊಸೀಜರ್ ಉಳಿಸು<ಟಿ: ಟಿಪರ್ಸಿಸ್ಟೆಂಟ್>(ವಸ್ತು: ಟಿ; ಕಾನ್ಸ್ಟ್ ವಿಭಾಗ: ಸ್ಟ್ರಿಂಗ್);

ಒಳಗೆ ಗೆಟ್‌ಪ್ರಾಪ್‌ಲಿಸ್ಟ್(ಟೈಪ್‌ಇನ್ಫೋ(ಟಿ), ...) ಕರೆದು ಒಂದೊಂದಕ್ಕೆ ಗೆಟ್‌ಪ್ರಾಪ್‌ವ್ಯಾಲ್ಯೂ. ಇದು ಎನಮ್ ಪ್ರಾಪರ್ಟಿಗಳನ್ನು ತಾನಾಗೇ ಹೆಸರಾಗಿ ಕೊಡುತ್ತದೆ. ಗೆಟ್‌ಪ್ರಾಪ್‌ಲಿಸ್ಟ್ ಪಟ್ಟಿಗೆ ಮೆಮೊರಿಯನ್ನು ತಾನೇ ತೆಗೆದುಕೊಳ್ಳುತ್ತದೆ, ಬಿಡುವ ಕೆಲಸ ನಮ್ಮದು. ಟ್ರೈ ಫೈನಲಿ, ಫ್ರೀಮೆಮ್ ಮರೆಯಬೇಡಿ.

ಇಂಡಿಕೇಟರ್ ಎರಡು ಥರ ಜೋಡಿಸಬಹುದು, ಸೀರಿಯಲ್ ಕೇಬಲ್ ಅಥವಾ ನೆಟ್‌ವರ್ಕ್. ಅದಕ್ಕೆ ಒಂದು ತಾಯಿ ಕ್ಲಾಸ್, ಎರಡು ಮಕ್ಕಳು. ತಾಯಿಯಲ್ಲಿ ಹೆಸರು ಮತ್ತು ಟೈಮ್‌ಔಟ್. ಸೀರಿಯಲ್ ಮಗುವಿನಲ್ಲಿ ಕಾಮ್ ಪೋರ್ಟ್ ಮತ್ತು ಬಾಡ್ ರೇಟ್. ಉಳಿಸಿ ಫೈಲ್ ತೆರೆದೆ. ನಾಲ್ಕು ಸಾಲು ಇರಬೇಕಿತ್ತು, ಇದ್ದದ್ದು ಎರಡು: ಹೆಸರು, ಟೈಮ್‌ಔಟ್.

ವೇರಿಯಬಲ್ ಘೋಷಿಸಿದ್ದು ತಾಯಿ ಕ್ಲಾಸ್ ಅಂತ, ಒಳಗಿದ್ದದ್ದು ಮಗು. ಉಳಿಸು(ಪೋರ್ಟ್, 'ಪೋರ್ಟ್') ಅಂತ ಕರೆದಾಗ ಕಂಪೈಲರ್ ಟಿಯನ್ನು ತಾನೇ ಊಹಿಸಿತು, ವೇರಿಯಬಲ್‌ನ ಘೋಷಣೆ ನೋಡಿ. ಟೈಪ್‌ಇನ್ಫೋ(ಟಿ) ಅಂದರೆ ತಾಯಿಯ ಮಾಹಿತಿ ಮಾತ್ರ. ಆ ಹೊತ್ತಿನಲ್ಲಿ ಕೈಯಲ್ಲಿರುವ ವಸ್ತು ಏನು ಅಂತ ಟಿಗೆ ಗೊತ್ತಿಲ್ಲ. ಗೊತ್ತಿರೋದು ವಸ್ತುವಿಗೇ:

ವಸ್ತು.ಕ್ಲಾಸ್‌ಇನ್ಫೋ

ಅದೊಂದು ಪದ ಬದಲಿಸಿದ ಮೇಲೆ ನಾಲ್ಕೂ ಸಾಲು ಬಂದವು. ಆಮೇಲೆ ಯೋಚಿಸಿದರೆ ಈ ಪ್ರೊಸೀಜರ್‌ಗೆ ಜೆನೆರಿಕ್ ಬೇಕೇ ಇರಲಿಲ್ಲ. ವಸ್ತು: ಟಿಪರ್ಸಿಸ್ಟೆಂಟ್ ಅಂದರೆ ಸಾಕು. ಟಿಯನ್ನು ಕಿತ್ತುಹಾಕಿದೆ. ಎನಮ್‌ನಲ್ಲಿ ಬೆಲೆಯ ಜೊತೆ ಅದರ ಟೈಪ್ ಓಡಾಡೋದಿಲ್ಲ, ಅಲ್ಲಿ ಟಿ ಬೇಕು. ಕ್ಲಾಸ್‌ನಲ್ಲಿ ವಸ್ತುವೇ ತನ್ನ ಗುರುತಿನ ಚೀಟಿ ಇಟ್ಟುಕೊಂಡಿರುತ್ತದೆ.

ವಾಪಸ್ ಓದುವಾಗಲೂ ಇದೇ ರಗಳೆ. ಟಿ.ಕ್ರಿಯೇಟ್ ಅಂದರೆ ತಾಯಿಯೇ ಹುಟ್ಟುತ್ತಾಳೆ. ಹಾಗಾಗಿ ಫೈಲಿನಲ್ಲಿ ಕ್ಲಾಸ್ ಹೆಸರನ್ನೂ ಬರೆದು, ರಿಜಿಸ್ಟರ್‌ಕ್ಲಾಸಸ್ ಮಾಡಿಟ್ಟು, ಫೈಂಡ್‌ಕ್ಲಾಸ್‌ನಿಂದ ಹುಡುಕಿ ಹುಟ್ಟಿಸುತ್ತೇನೆ. ತಾಯಿಯ ಕನ್ಸ್ಟ್ರಕ್ಟರ್ ವರ್ಚುಯಲ್ ಇರಬೇಕು, ಇಲ್ಲದಿದ್ದರೆ ಮಗುವಿನ ಕನ್ಸ್ಟ್ರಕ್ಟರ್ ಓಡೋದಿಲ್ಲ.

ಲಜಾರಸ್‌ನಲ್ಲಿ

ಎರಡನೇ ವೇಬ್ರಿಜ್‌ಗೆ ಲಿನಕ್ಸ್ ಮಿನಿ ಪಿಸಿ ಇಡುವ ಆಲೋಚನೆ ಇದೆ. ಲಜಾರಸ್ ಅಂದರೆ ಡೆಲ್ಫಿ ಥರದ್ದೇ ಉಚಿತ ಸಾಧನ, ಅದರ ಕಂಪೈಲರ್ ಫ್ರೀ ಪಾಸ್ಕಲ್. ಅದೇ ಯುನಿಟ್ ಅನ್ನು ಫ್ರೀ ಪಾಸ್ಕಲ್ 3.2.2ರಲ್ಲಿ ಡೆಲ್ಫಿ ಮೋಡ್ ಹಾಕಿ ಕಂಪೈಲ್ ಮಾಡಿದೆ. ಟೈಪ್‌ಇನ್ಫೋ ಯುನಿಟ್ ಅಲ್ಲೂ ಅದೇ ಹೆಸರಿನಲ್ಲಿದೆ. ಬಹುತೇಕ ಹಾಗೇ ಓಡಿತು.

ಬಿದ್ದದ್ದು ಬೂಲಿಯನ್. ಡೆಲ್ಫಿಯಲ್ಲಿ ಬೂಲಿಯನ್‌ನ ಕೈಂಡ್ ಕೂಡ ಟಿಕೆಎನ್ಯುಮರೇಷನ್, ನನ್ನ ಪರೀಕ್ಷೆ ಅದನ್ನು ಒಳಗೆ ಬಿಡುತ್ತಿತ್ತು. ಫ್ರೀ ಪಾಸ್ಕಲ್‌ನಲ್ಲಿ ಅದಕ್ಕೆ ಟಿಕೆಬೂಲ್ ಅಂತ ಬೇರೆ ಜಾತಿಯೇ ಇದೆ. ಪರೀಕ್ಷೆಗೆ ಇಫ್‌ಡೆಫ್ (ಯಾವ ಕಂಪೈಲರ್ ಅಂತ ನೋಡಿ ಸಾಲು ಆರಿಸೋದು) ಒಳಗೆ ಅದನ್ನೂ ಸೇರಿಸಿದೆ.

ಇನ್ನೊಂದು ತಮಾಷೆ. ಡೆಲ್ಫಿ ಮೋಡ್ ಹಾಕದೆ ಫ್ರೀ ಪಾಸ್ಕಲ್‌ನ ಸ್ವಂತ ಮೋಡ್‌ನಲ್ಲಿ ಬಿಟ್ಟರೆ ಎನಮ್ 4 ಬೈಟ್ ಹಿಡಿಯುತ್ತದೆ. ನನ್ನ ಆ ಪಿಇಂಟಿಜರ್ ತಪ್ಪು ಅಲ್ಲಿ ಹುಡುಕಿದರೂ ಕಾಣುತ್ತಿರಲಿಲ್ಲ, ಪ್ರತಿ ಸಲ ಸರಿ ಉತ್ತರ ಬರುತ್ತಿತ್ತು. ಕೆಲಸವನ್ನು ಲಜಾರಸ್‌ನಲ್ಲಿ ಶುರುಮಾಡಿ ಆಮೇಲೆ ಡೆಲ್ಫಿಗೆ ತಂದಿದ್ದರೆ ಆ ಕಸ ನೇರ ವೇಬ್ರಿಜ್ ಮೇಲೆಯೇ ಕಾಣುತ್ತಿತ್ತು.

ಟೇರ್ ಫೈಲ್

ಹೆಸರು ಬರೆಯೋದರಲ್ಲೂ ತೊಂದರೆ ಇಲ್ಲದಿಲ್ಲ. ಈಗ ಕೋಡ್‌ನಲ್ಲಿನ ಹೆಸರೇ ಫೈಲಿನ ಭಾಷೆ. ಯಾರಾದರೂ ವಿಟಿಟ್ರ್ಯಾಕ್ಟರ್ ಅನ್ನು ಚೆಂದ ಮಾಡಲು ಹೋಗಿ ಹೆಸರು ಬದಲಿಸಿದರೆ ಹಳೇ ಫೈಲ್ ಓದೋಕೆ ಬರೋದಿಲ್ಲ. ಆದರೆ ಆಗ ಪ್ರೋಗ್ರಾಂ ಗಲಾಟೆ ಮಾಡಿ ನಿಲ್ಲುತ್ತದೆ, ಟ್ರ್ಯಾಕ್ಟರನ್ನು ಟೆಂಪೋ ಅಂತ ಸದ್ದಿಲ್ಲದೆ ಚೀಟಿ ಕೊಡೋದಿಲ್ಲ. ಎನಮ್ ಮೇಲೆ ದೊಡ್ಡದಾಗಿ ಕಾಮೆಂಟ್ ಬರೆದಿದ್ದೇನೆ, "ಹೆಸರು ಮುಟ್ಟಬೇಡಿ, ಫೈಲಿನಲ್ಲಿ ಇದೆ" ಅಂತ.

ಹಳೇ ಅಂಕಿಗಳನ್ನು ಹೆಸರಿಗೆ ಬದಲಿಸಲು ಒಂದು ಪುಟ್ಟ ಪ್ರೋಗ್ರಾಂ ಬರೆದೆ. ಟೇರ್ ಫೈಲಿನಲ್ಲಿ 412 ಗಾಡಿಗಳಿದ್ದವು. ಹೆಚ್ಚಿನವು ಹಳೇ ಲೆಕ್ಕದವು, ಅವು ಸಲೀಸು. ಆದರೆ ಆ ಬೆಳಗ್ಗೆ ಹಳೇ ಎಕ್ಸ್‌ಇ ವಾಪಸ್ ಬರುವ ಮೊದಲು ಹೊಸ ವರ್ಷನ್ ಕೆಲವು ಗಾಡಿಗಳನ್ನು ಹೊಸ ಲೆಕ್ಕದಲ್ಲಿ ಬರೆದುಬಿಟ್ಟಿತ್ತು. ದಾಖಲೆಯ ಸಮಯ ನೋಡಿ ಅವನ್ನು ಬೇರೆ ಮಾಡಿದೆ. ಮೂರು ಗಾಡಿ ಮಾತ್ರ ಬಗೆಹರಿಯಲಿಲ್ಲ. ಬೆಲೆ 1 ಇದೆ, ಸಮಯ ಸರಿಯಾಗಿ ನಾನು ಎಕ್ಸ್‌ಇ ವಾಪಸ್ ಹಾಕಿಸಿದ ನಿಮಿಷದ ಆಸುಪಾಸು. ಆ ಮೂರರ ನಂಬರ್‌ಗಳನ್ನು ಒಂದು ಹಾಳೆಯಲ್ಲಿ ಬರೆದು ಆಪರೇಟರ್ ಟೇಬಲ್ ಮೇಲೆ ಅಂಟಿಸಿದ್ದೇನೆ. ಬಂದಾಗ ಕಿಟಕಿಯಿಂದ ನೋಡಿ ಹಾಕ್ತಾರಂತೆ. ಎರಡು ಬಂದಾಗಿದೆ, ಎರಡೂ ಟ್ರ್ಯಾಕ್ಟರ್.